ಎಬಿಎಸ್ ದೀಪ ಹೊತ್ತಿದರೆ ಯಾವ ಮೀಟರ್ ಹಿಡಿಯಬೇಕು? ಬ್ರೇಕ್ ಸೆನ್ಸರ್ ಪರೀಕ್ಷೆಯ ದಾರಿಗಳ ಹೋಲಿಕೆ

"ಸೆನ್ಸರ್ ಹೋಗೇತ್ರಿ, ಹೊಸದು ಹಾಕ್ಬೇಕ್ರಿ." ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ಕಾಯುವ ವ್ಯವಸ್ಥೆ) ದೀಪ ಹೊತ್ತಿಸಿಕೊಂಡು ಗ್ಯಾರೇಜಿಗೆ ಹೋದವರಿಗೆ ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಮೊದಲು ಸಿಗುವ ಉತ್ತರ ಇದು. ಒಮ್ಮೊಮ್ಮೆ ಅದು ನಿಜವೇ. ಆದರೆ ಬಹಳ ಸಲ ಗಾಲಿಯ ವೇಗ ನೋಡುವ ಆ ಸೆನ್ಸರ್ ಗಟ್ಟಿಮುಟ್ಟಾಗಿರುತ್ತದೆ. ವೈರು ಜೋಡಿಸುವ ಕಪ್ಲರಿನೊಳಗೆ ನೀರು ಹೊಕ್ಕಿರುತ್ತದೆ, ಇಲಿ ವೈರು ಕಡಿದಿರುತ್ತದೆ, ಇಲ್ಲವೇ ಗಾಲಿಯ ಜೊತೆ ತಿರುಗುವ ರಿಂಗಿನ ಹಲ್ಲುಗಳ ನಡುವೆ ಎರೆಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅಳೆದು ನೋಡದೆ ಹೊಸ ಸೆನ್ಸರ್ ಹಾಕಿದರೆ ದುಡ್ಡೂ ಹೋಗುತ್ತದೆ, ದೀಪವೂ ಆರುವುದಿಲ್ಲ.

ಅಳೆಯಲು ದಾರಿಗಳು ಹಲವು. ಮಲ್ಟಿಮೀಟರಿನಲ್ಲೇ ಮೂರು ಬಗೆ ಇವೆ: ಓಮ್ ನೋಡುವುದು, ವೋಲ್ಟ್ ನೋಡುವುದು, ಕರೆಂಟ್ ನೋಡುವುದು. ಅದರಾಚೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಓದುವ ಸ್ಕ್ಯಾನರ್ ಇದೆ, ಸಿಗ್ನಲ್ಲನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್ ಇದೆ, ಎಡಗಡೆಯ ಸೆನ್ಸರನ್ನು ಬಲಗಡೆ ಹಾಕಿ ನೋಡುವ ಹಳೆಯ ಉಪಾಯವೂ ಇದೆ. ಯಾವುದು ಒಳ್ಳೆಯದು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ. ಮೊದಲು ಸೆನ್ಸರ್ ಯಾವ ಜಾತಿಯದು ಎಂದು ತಿಳಿಯಿರಿ. ಆಮೇಲೆ ಯಾವ ಪರೀಕ್ಷೆ ಎಂದು ಗೊತ್ತಾಗುತ್ತದೆ. ಮೀಟರ್ ಯಾವುದು ಬೇಕು ಎನ್ನುವುದು ಕೊನೆಗೆ ಬರುವ ಪ್ರಶ್ನೆ. ಈ ಸಾಲು ತಿರುಗಾಮುರುಗಾ ಆದಾಗಲೇ ಜನ ಒಳ್ಳೆಯ ಸೆನ್ಸರ್ ಎಸೆಯುತ್ತಾರೆ.

ಯಾವ ದೀಪ ಹೊತ್ತಿದೆ?

ಮೀಟರ್ ತೆಗೆಯುವ ಮೊದಲು ದೀಪದ ಬಣ್ಣ ನೋಡಿ. ಹಳದಿ ಎಬಿಎಸ್ ದೀಪ ಮಾತ್ರ ಉರಿಯುತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಜೋರಾಗಿ ಒತ್ತಿದಾಗ ಗಾಲಿ ಜಾಮ್ ಆಗದಂತೆ ಕಾಯುವ ವ್ಯವಸ್ಥೆ ಮಾತ್ರ ಬಂದ್ ಆಗಿರುತ್ತದೆ. ನಿಧಾನವಾಗಿ, ಅಂತರ ಇಟ್ಟುಕೊಂಡು ಓಡಿಸಬಹುದು. ಕೆಂಪು ದೀಪ ಬಂದರೆ ಕಥೆ ಬೇರೆ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ, ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಿ. ಕೆಂಪು, ಹಳದಿ ಎರಡೂ ಒಟ್ಟಿಗೆ ಉರಿಯುತ್ತಿದ್ದರೆ ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಬ್ರೇಕ್ ಹಂಚುವ ಕೆಲಸವೂ ನಿಂತಿರಬಹುದು. ಆಗ ಹಿಂದಿನ ಗಾಲಿ ಬೇಗ ಜಾಮ್ ಆಗಿ ಗಾಡಿ ತಿರುಗಿಬಿಡುವ ಅಪಾಯ ಇದೆ. ಅಂಥ ಗಾಡಿ ತಗೊಂಡು ಚೋರ್ಲಾ ಘಾಟ್ ಇಳಿಯಲೇಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಇನ್ನೊಂದು ಮಾತು. ಬ್ಯಾಟರಿ ಸೋತಿದ್ದರೂ ಎಬಿಎಸ್ ದೀಪ ಬರುತ್ತದೆ. ಮೀಟರ್ ಕೈಯಲ್ಲಿದ್ದರೆ ಮೊದಲು ಬ್ಯಾಟರಿಗೇ ಹಚ್ಚಿ. ಇಂಜಿನ್ ಬಂದ್ ಇದ್ದಾಗ 12.4 ವೋಲ್ಟಿಗಿಂತ ಮೇಲೆ, ಚಾಲೂ ಇದ್ದಾಗ ಸುಮಾರು 13.5ರಿಂದ 14.5ರ ನಡುವೆ ಇರಬೇಕು. ಇಷ್ಟು ನೋಡಲು ಒಂದು ನಿಮಿಷವೂ ಬೇಡ.

ಎರಡು ಜಾತಿಯ ಸೆನ್ಸರ್

ಗಾಲಿಯ ವೇಗ ನೋಡುವ ಸೆನ್ಸರ್ ಎರಡು ಬಗೆ: ಪ್ಯಾಸಿವ್ ಮತ್ತು ಆಕ್ಟಿವ್. ಎರಡಕ್ಕೂ ಎರಡೇ ವೈರ್. ಹೊರಗಿನಿಂದ ನೋಡಲು ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಗೊಂದಲ ಶುರುವಾಗುವುದೇ ಇಲ್ಲಿ.

ಪ್ಯಾಸಿವ್ ಎನ್ನುವುದು ಹಳೆಯ ಪದ್ಧತಿ. ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ತೆಳು ತಾಮ್ರದ ಕಾಯಿಲ್. ಮೂತಿಯ ಮುಂದೆ ಹಲ್ಲಿನ ರಿಂಗ್ ತಿರುಗಿದಾಗ ಕಾಯಿಲ್‌ನಲ್ಲಿ ಎಸಿ ವೋಲ್ಟೇಜ್ ತಾನಾಗಿ ಹುಟ್ಟುತ್ತದೆ. ಹೊರಗಿನ ಸಪ್ಲೈ ಬೇಕಿಲ್ಲ. ಗಾಲಿ ಜೋರಾಗಿ ತಿರುಗಿದಷ್ಟೂ ವೋಲ್ಟೇಜ್ ಜಾಸ್ತಿ. ನಿಧಾನವಾದರೆ ಸಿಗ್ನಲ್ ಸಣ್ಣದಾಗುತ್ತಾ ಹೋಗಿ, ಗಂಟೆಗೆ ಐದಾರು ಕಿಲೋಮೀಟರಿಗಿಂತ ಕೆಳಗೆ ಸಾಮಾನ್ಯವಾಗಿ ಸತ್ತೇ ಹೋಗುತ್ತದೆ. ಹಳೆಯ ಎಬಿಎಸ್ ಕಾರುಗಳಲ್ಲಿ ಇವು ಸಿಗುತ್ತವೆ. ಲಾರಿ, ಬಸ್ಸುಗಳಲ್ಲಿ ಈಗಲೂ ಇವೇ ಜಾಸ್ತಿ.

ಆಕ್ಟಿವ್ ಸೆನ್ಸರ್ ಒಳಗೆ ಚಿಪ್ ಇದೆ. ಎಬಿಎಸ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆಯಾದ ಮಾಡ್ಯೂಲಿನಿಂದ ಅದಕ್ಕೆ ಸಪ್ಲೈ ಬರುತ್ತದೆ, ಹೆಚ್ಚಾಗಿ ಬ್ಯಾಟರಿ ವೋಲ್ಟೇಜಿನ ಹತ್ತಿರವೇ. ರಿಂಗ್ ತಿರುಗಿದಾಗ ಚಿಪ್ ಎಳೆಯುವ ಕರೆಂಟ್ 7 ಮಿಲಿಆಂಪಿಯರ್ ಮತ್ತು 14 ಮಿಲಿಆಂಪಿಯರ್ ನಡುವೆ ಹಾರುತ್ತಿರುತ್ತದೆ. ಮಾಡ್ಯೂಲ್ ಎಣಿಸುವುದು ಈ ಹಾರಾಟವನ್ನು. ಗಾಲಿ ತೆವಳುತ್ತಿದ್ದರೂ ಇದಕ್ಕೆ ಗೊತ್ತಾಗುತ್ತದೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಯಿತಲ್ವಾ, ಆ ಕಾಲದಿಂದ ಈಚೆಗಿನ ಕಾರುಗಳಲ್ಲಿ ಹೆಚ್ಚು ಕಾಣುವುದು ಆಕ್ಟಿವ್.

ಇವನ್ನು ಗುರುತಿಸಲು ಅಪಾಯವಿಲ್ಲದ ದಾರಿ ವೋಲ್ಟ್ ನೋಡುವುದು. ಚಾವಿ ಬಂದ್ ಮಾಡಿ ಸೆನ್ಸರಿನ ಕಪ್ಲರ್ ಬಿಚ್ಚಿ. ಗಾಡಿ ಕಡೆಯ ವೈರಿನಲ್ಲಿ ಮೀಟರಿನ ಎರಡು ಕಡ್ಡಿ ಹಚ್ಚಿ, ಡಿಸಿ 20 ವೋಲ್ಟಿಗೆ ಇಟ್ಟು, ಚಾವಿ ಆನ್ ಮಾಡಿಸಿ. ಆ ಕ್ಷಣದಲ್ಲೇ ಮೀಟರ್ ನೋಡಬೇಕು. ಸೆನ್ಸರ್ ಇಲ್ಲ ಎಂದು ಗೊತ್ತಾದ ಮೇಲೆ ಕೆಲವು ಮಾಡ್ಯೂಲುಗಳು ಸಪ್ಲೈಯನ್ನೇ ತೆಗೆದುಬಿಡುತ್ತವೆ. 12 ವೋಲ್ಟಿನ ಹತ್ತಿರ ಬಂದರೆ ಆಕ್ಟಿವ್. ಒಂದೆರಡು ವೋಲ್ಟ್ ಮಾತ್ರ ಬಂದು, ಸೆನ್ಸರ್ ಕಡೆಯ ಓಮ್ ಒಂದು ಸಾವಿರದ ಆಸುಪಾಸು ಇದ್ದರೆ ಪ್ಯಾಸಿವ್. ಹಲ್ಲಿನ ರಿಂಗ್ ಕಂಡ ಮಾತ್ರಕ್ಕೆ ಪ್ಯಾಸಿವ್ ಎಂದು ತೀರ್ಮಾನ ಮಾಡಬೇಡಿ. ಹಲ್ಲಿನ ರಿಂಗ್ ಓದುವ ಆಕ್ಟಿವ್ ಸೆನ್ಸರುಗಳೂ ಇವೆ.

ಪ್ಯಾಸಿವ್ ಆದರೆ: ಓಮ್ ಸಾಕಾ, ಎಸಿ ವೋಲ್ಟ್ ಬೇಕಾ?

ಓಮ್ ನೋಡುವುದು ಸುಲಭ. ಗಾಲಿ ಎತ್ತಬೇಕಿಲ್ಲ, ಚಾವಿ ಹಾಕಬೇಕಿಲ್ಲ. ಕಪ್ಲರ್ ಬಿಚ್ಚಿ ಸೆನ್ಸರಿನ ಎರಡು ಪಿನ್ನಿಗೆ ಕಡ್ಡಿ ಹಚ್ಚಿದರೆ ಆಯಿತು. ಸಾಮಾನ್ಯವಾಗಿ 800ರಿಂದ 2500 ಓಮ್ ಒಳಗೆ ಬರುತ್ತದೆ. ಓ.ಎಲ್. ಅಥವಾ 1 (ಅಳತೆ ಮೀರಿದೆ ಎಂದರ್ಥ) ಎಂದು ತೋರಿಸಿದರೆ ಕಾಯಿಲ್ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಶಾರ್ಟ್. ಆಮೇಲೆ ಒಂದು ಕಡ್ಡಿ ಪಿನ್ನಿಗೆ, ಇನ್ನೊಂದು ಗಾಡಿಯ ಬಾಡಿಗೆ. ಇಲ್ಲಿ ಓ.ಎಲ್. ಬರಲೇಬೇಕು. ಏನಾದರೂ ಓಮ್ ತೋರಿಸಿದರೆ ವೈರಿನ ಮೇಲ್ಪದರ ಸೀಳಿ ಅರ್ಥ್ ಆಗಿದೆ ಎಂದರ್ಥ.

ಕಂಪನಿಯ ಪುಸ್ತಕದ ಅಂಕಿಗಿಂತ ಎಡ-ಬಲ ಹೋಲಿಸಿ ನೋಡುವುದು ಮೇಲು ಎಂದು ನನ್ನ ಅಭಿಪ್ರಾಯ. ಕಾರಣ ಇದೆ. ಪುಸ್ತಕದ ಅಂಕಿ ಹೆಚ್ಚಾಗಿ 20 ಡಿಗ್ರಿಯ ಲೆಕ್ಕದ್ದು. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು ಶೇಕಡಾ 0.4ರಷ್ಟು ಏರುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಗಾಡಿಯ ಸೆನ್ಸರ್ 50 ಡಿಗ್ರಿ ಮುಟ್ಟಿತು ಅಂದುಕೊಳ್ಳಿ. 1100 ಓಮ್ ಇರಬೇಕಾದದ್ದು 1230ರ ಹತ್ತಿರ ತೋರಿಸುತ್ತದೆ. ಸೆನ್ಸರಿಗೆ ಏನೂ ಆಗಿಲ್ಲ, ಬಿಸಿಲಿಗೆ ಕಾದಿದೆ ಅಷ್ಟೇ. ಒಂದೇ ಆಕ್ಸಲ್ಲಿನ ಎರಡು ಗಾಲಿ ಒಂದೇ ಬಿಸಿಲಿನಲ್ಲಿ ನಿಂತಿರುತ್ತವೆ. ಅವುಗಳ ನಡುವೆ ದೊಡ್ಡ ವ್ಯತ್ಯಾಸ ಬಂದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಆದರೆ ಓಮ್ ಸರಿ ಇದೆ ಎಂದರೆ ಕಾಯಿಲ್ ಸರಿ ಇದೆ ಎಂದಷ್ಟೇ. ಸಿಗ್ನಲ್ ಬರುತ್ತಿದೆ ಎಂದು ಅರ್ಥವಲ್ಲ. ಅದಕ್ಕೆ ಎಸಿ ವೋಲ್ಟ್ ಪರೀಕ್ಷೆ ಬೇಕು. ಗಾಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಉಳಿದ ಗಾಲಿಗಳಿಗೆ ಅಡ್ಡ ಇಟ್ಟು, ಗೇರ್ ನ್ಯೂಟ್ರಲ್ ಮಾಡಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಬೇಡಿ, ಇಟ್ಟಿಗೆ ನಂಬಬೇಡಿ. ಮೀಟರ್ ಎಸಿ ಮಿಲಿವೋಲ್ಟಿಗೆ ಇಟ್ಟು, ಗಾಲಿಯನ್ನು ಸೆಕೆಂಡಿಗೆ ಒಂದು ಸುತ್ತಿನಂತೆ ಕೈಯಿಂದ ತಿರುಗಿಸಿ. 100 ಮಿಲಿವೋಲ್ಟಿಗಿಂತ ಮೇಲೆ ಬಂದರೆ ಸಾಮಾನ್ಯವಾಗಿ ಸಮಾಧಾನ ಪಡಬಹುದು. ಜೋರಾಗಿ ತಿರುಗಿಸಿದರೆ ಅಂಕಿ ಏರಬೇಕು. ಓಮ್ ಸರಿ ಇದ್ದು ವೋಲ್ಟ್ ಕಡಿಮೆ ಬಂದರೆ ಸೆನ್ಸರ್ ಮತ್ತು ರಿಂಗಿನ ನಡುವಿನ ಸಂದು ನೋಡಿ. ಅದು ಸುಮಾರು ಒಂದು ಮಿಲಿಮೀಟರಿನ ವ್ಯವಹಾರ. ತುಕ್ಕು ಸೆನ್ಸರನ್ನು ಸ್ವಲ್ಪ ಮೇಲೆತ್ತಿದರೂ ಸಾಕು, ಸಿಗ್ನಲ್ ಕುಸಿಯುತ್ತದೆ.

ಆಕ್ಟಿವ್ ಆದರೆ ಓಮ್ ಬಿಡಿ

ಇದನ್ನು ಒತ್ತಿ ಹೇಳುತ್ತೇನೆ. ಆಕ್ಟಿವ್ ಸೆನ್ಸರಿಗೆ ಓಮ್ ಪರೀಕ್ಷೆ ಉಪಯೋಗವಿಲ್ಲ. ಒಳಗೆ ಚಿಪ್ ಇರುವುದರಿಂದ ಮೀಟರ್ ತೋರಿಸುವ ಅಂಕಿಗೆ ಅರ್ಥವೇ ಇಲ್ಲ. ಕಡ್ಡಿ ಅದಲುಬದಲು ಮಾಡಿದರೆ ಬೇರೆ ಅಂಕಿ, ಮೀಟರ್ ಬದಲಿಸಿದರೆ ಮತ್ತೊಂದು ಅಂಕಿ. ಓ.ಎಲ್. ಬಂತು, ಸೆನ್ಸರ್ ಸತ್ತಿದೆ ಎಂದು ಹೇಳಿ ಒಳ್ಳೆಯ ಸೆನ್ಸರ್ ಬದಲಿಸಿದ್ದನ್ನು ನಮ್ಮ ಕಡೆ ಬೇಕಾದಷ್ಟು ನೋಡಿದ್ದೇನೆ. ಗಾಡಿ ಮಾಲೀಕರಿಗೆ ಇದು ಗೊತ್ತಿದ್ದರೆ ಎಷ್ಟೋ ಖರ್ಚು ಉಳಿಯುತ್ತದೆ.

ಇಲ್ಲಿ ಮೊದಲ ಪ್ರಶ್ನೆ ಸಪ್ಲೈ ಬರುತ್ತಿದೆಯಾ ಎನ್ನುವುದು. ಮೇಲೆ ಹೇಳಿದ ವೋಲ್ಟ್ ಪರೀಕ್ಷೆಯಲ್ಲೇ ಅದು ಮುಗಿಯಿತು. ಸಪ್ಲೈ ಬರದಿದ್ದರೆ ತಪ್ಪು ಸೆನ್ಸರಿನದಲ್ಲ, ವೈರಿನದು ಅಥವಾ ಮಾಡ್ಯೂಲಿನದು. ಹೊಸ ಸೆನ್ಸರ್ ತಂದಿದ್ದರೆ ವಾಪಸ್ ಕೊಡಿ.

ಸಪ್ಲೈ ಇದ್ದರೆ ಕರೆಂಟ್ ನೋಡಬೇಕು. ಎರಡು ದಾರಿ ಇವೆ. ಒಂದು, ಮೀಟರನ್ನೇ ಮಿಲಿಆಂಪಿಯರ್‌ಗೆ ಇಟ್ಟು ಒಂದು ವೈರಿನ ನಡುವೆ ಸರಣಿಯಲ್ಲಿ ಸೇರಿಸುವುದು. ಚಾವಿ ಆನ್ ಮಾಡಿ ಗಾಲಿಯನ್ನು ತೀರಾ ನಿಧಾನವಾಗಿ ತಿರುಗಿಸಿದರೆ ಅಂಕಿ 7ರ ಹತ್ತಿರ, 14ರ ಹತ್ತಿರ ಜಿಗಿಯುವುದು ಕಣ್ಣಿಗೆ ಕಾಣುತ್ತದೆ. ಜೋರಾಗಿ ತಿರುಗಿಸಿದರೆ ಮೀಟರಿಗೆ ಅಷ್ಟು ವೇಗ ಇಲ್ಲ, ಹತ್ತು-ಹನ್ನೊಂದರ ಸುತ್ತ ಸರಾಸರಿ ತೋರಿಸುತ್ತದೆ. ಅದೂ ಸರಿಯೇ. ಈ ದಾರಿಯ ತೊಂದರೆ ಒಂದಿದೆ. ಡಯಲ್ ಮಿಲಿಆಂಪಿಯರ್‌ನಲ್ಲಿ ಇರುವುದನ್ನು ಮರೆತು ಕಡ್ಡಿಗಳನ್ನು ನೇರ ಬ್ಯಾಟರಿಗೆ ತಾಗಿಸಿದರೆ ಮೀಟರಿನ ಫ್ಯೂಸ್ ಹಾರುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಎರಡನೆಯ ದಾರಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ 100 ಓಮ್ ರೆಸಿಸ್ಟರ್ ಸಿಗುತ್ತದೆ. ಕಾಲು ವ್ಯಾಟಿನದು ಸಾಕು. ಅದನ್ನು ಒಂದು ವೈರಿನ ನಡುವೆ ಸೇರಿಸಿ, ಅದರ ಎರಡು ತುದಿಗೆ ಮೀಟರನ್ನು ಡಿಸಿ ವೋಲ್ಟಿನಲ್ಲಿ ಹಚ್ಚಿ. 7 ಮಿಲಿಆಂಪಿಯರ್ ಹರಿದಾಗ 0.7 ವೋಲ್ಟ್, 14 ಹರಿದಾಗ 1.4 ವೋಲ್ಟ್. ಅಗ್ಗದ ಮೀಟರಿನಲ್ಲೂ ಇದು ಚೊಕ್ಕಟವಾಗಿ ಕಾಣುತ್ತದೆ, ಫ್ಯೂಸ್ ಹಾರುವ ಭಯವೂ ಇಲ್ಲ.

ಇದೇ ಉಪಾಯದಿಂದ ಸೆನ್ಸರನ್ನು ಗಾಡಿಯಿಂದ ಬಿಚ್ಚಿ ಮೇಜಿನ ಮೇಲೂ ನೋಡಬಹುದು. 9 ವೋಲ್ಟಿನ ಚೌಕಾಕಾರದ ಬ್ಯಾಟರಿ, 100 ಓಮ್ ರೆಸಿಸ್ಟರ್, ಸೆನ್ಸರ್, ಮೂರನ್ನೂ ಸರಣಿಯಲ್ಲಿ ಜೋಡಿಸಿ. ಸೆನ್ಸರಿನ ಮೂತಿಯ ಮುಂದೆ ಸಣ್ಣ ಅಯಸ್ಕಾಂತದ ಒಂದು ಮುಖ, ಆಮೇಲೆ ಇನ್ನೊಂದು ಮುಖ ಆಡಿಸಿ. ಹಲ್ಲಿನ ರಿಂಗಿಗೆ ಮಾಡಿದ ಸೆನ್ಸರ್ ಆದರೆ ಪಾನಾದ ತುದಿ ಆಡಿಸಿದರೂ ಆಗುತ್ತದೆ. 0.7, 1.4, 0.7, 1.4 ಎಂದು ಹಾರಿದರೆ ಸೆನ್ಸರ್ ಬದುಕಿದೆ. ಏನೂ ಬರದಿದ್ದರೆ ಬ್ಯಾಟರಿಯ ಪ್ಲಸ್-ಮೈನಸ್ ಬದಲಿಸಿ ಇನ್ನೊಮ್ಮೆ ನೋಡಿ. ರೆಸಿಸ್ಟರ್ ಇಲ್ಲದೆ ಮಾತ್ರ ಯಾವತ್ತೂ ಬ್ಯಾಟರಿಗೆ ಜೋಡಿಸಬೇಡಿ.

ಯಾವ ಮೀಟರ್ ಕೊಳ್ಳಬೇಕು?

ಬೆಳಗಾವಿಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿದರೆ ಮೊದಲು ಕೈಗೆ ಕೊಡುವುದು ಹಳದಿ ಬಣ್ಣದ ಡಿಟಿ-830. ಮುನ್ನೂರು ರೂಪಾಯಿ ಆಸುಪಾಸು. ಸುಮ್ನೆ ತೆಗೆದುಹಾಕುವ ಮೀಟರ್ ಅಲ್ಲ ಇದು. ಓಮ್ ನೋಡುತ್ತದೆ, ಡಿಸಿ ವೋಲ್ಟ್ ನೋಡುತ್ತದೆ, ಡಿಸಿ 20 ಮಿಲಿಆಂಪಿಯರ್ ಸ್ಥಾನವೂ ಇದೆ. ಅಂದರೆ ಆಕ್ಟಿವ್ ಸೆನ್ಸರಿನ ಪರೀಕ್ಷೆ ಪೂರ್ತಿ ಇದರಲ್ಲೇ ಆಗುತ್ತದೆ. ಸೋಲುವುದು ಒಂದೇ ಕಡೆ. ಇದರ ಎಸಿ ವೋಲ್ಟ್ ಶುರುವಾಗುವುದೇ 200ರಿಂದ. ಮನೆಯ ಕರೆಂಟ್ ನೋಡಲು ಮಾಡಿದ್ದು ಅದು. ಅಲ್ಲಿ ತೋರಿಸುವ ಅತಿ ಸಣ್ಣ ಅಂಕಿ 0.1 ವೋಲ್ಟ್. ಪ್ಯಾಸಿವ್ ಸೆನ್ಸರ್ ಕೊಡುವ ಸಿಗ್ನಲ್ಲೇ ಅಷ್ಟು ಇರುತ್ತದೆ. ಹಾಗಾಗಿ 0.0 ನೋಡಿ ಸೆನ್ಸರ್ ಹೋಗಿದೆ ಎಂದು ಹೇಳುವಂತಿಲ್ಲ.

ಸಾವಿರದಿಂದ ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಅಳತೆಯ ಮಿತಿಯನ್ನು ತಾನೇ ಆರಿಸಿಕೊಳ್ಳುವ ಆಟೋ ರೇಂಜ್ ಮೀಟರ್ ಸಿಗುತ್ತವೆ. ಕೊಳ್ಳುವಾಗ ಅಂಗಡಿಯಲ್ಲೇ ನಾಲ್ಕು ವಿಷಯ ನೋಡಿ. ಎಸಿ ಮಿಲಿವೋಲ್ಟ್ ಇದೆಯಾ, ಡಿಸಿ ಮಿಲಿಆಂಪಿಯರ್ ಇದೆಯಾ, ಮಿಲಿಆಂಪಿಯರ್‌ಗೆ ಕಡ್ಡಿ ಹಾಕುವ ತೂತಿಗೆ ಫ್ಯೂಸ್ ಇದೆಯಾ, ಹರ್ಟ್ಜ್ (ಸೆಕೆಂಡಿಗೆ ಎಷ್ಟು ಸಿಗ್ನಲ್) ನೋಡುತ್ತದೆಯಾ. ಹರ್ಟ್ಜ್ ಇದ್ದರೆ ಒಂದು ಅನುಕೂಲ ಇದೆ. 48 ಹಲ್ಲಿನ ರಿಂಗ್ ಸೆಕೆಂಡಿಗೆ ಒಂದು ಸುತ್ತು ತಿರುಗಿದರೆ ಪ್ಯಾಸಿವ್ ಸೆನ್ಸರಿನಲ್ಲಿ 48 ಹರ್ಟ್ಜ್ ಬರಬೇಕು. ವೋಲ್ಟಿನ ಜೊತೆ ಎಣಿಕೆಯೂ ಸಿಕ್ಕ ಹಾಗೆ. ಕಾರು ಇಟ್ಟುಕೊಂಡವರಿಗೆ, ಸಣ್ಣ ಗ್ಯಾರೇಜಿನವರಿಗೆ ನಾನು ಹೇಳುವ ಮೀಟರ್ ಇದೇ ವರ್ಗದ್ದು.

ವೈರನ್ನು ಬಾಯಲ್ಲಿ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಡ. ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ತಿರ ಇರುತ್ತದೆ, ಅವರ ಕೆಲಸಕ್ಕೆ ಅದು ಬಹಳ ಒಳ್ಳೆಯದು. ಆದರೆ ಹೆಚ್ಚಿನ ಕ್ಲ್ಯಾಂಪ್ ಮೀಟರುಗಳು ಎಸಿ ಕರೆಂಟ್ ಮಾತ್ರ ನೋಡುತ್ತವೆ. ಡಿಸಿ ನೋಡುವುದನ್ನು ಕೊಂಡರೂ 7 ಮಿಲಿಆಂಪಿಯರ್‌ನಷ್ಟು ಸಣ್ಣದು ಅದರ ಬಾಯಿಗೆ ಸಿಗುವುದಿಲ್ಲ. ಫ್ಲೂಕ್‌ನಂಥ ದುಬಾರಿ ಮೀಟರ್ ಇದ್ದರೆ ಖುಷಿಯಿಂದ ಬಳಸಿ, ಅದರಲ್ಲಿನ, ಅತಿ ಕಡಿಮೆ-ಅತಿ ಹೆಚ್ಚು ಅಂಕಿ ನೆನಪಿಡುವ ಮಿನ್-ಮ್ಯಾಕ್ಸ್ ಗುಂಡಿ ಬಿಟ್ಟು ಬಿಟ್ಟು ಬರುವ ತೊಂದರೆ ಹಿಡಿಯಲು ನೆರವಾಗುತ್ತದೆ. ಈ ಒಂದು ಕೆಲಸಕ್ಕಾಗಿ ಅಷ್ಟು ದುಡ್ಡು ಹಾಕಬೇಕಿಲ್ಲ.

ಮೀಟರಿಗಿಂತ ಮುಖ್ಯವಾದದ್ದು ಕಡ್ಡಿಯ ತುದಿ. ದಪ್ಪ ಕಡ್ಡಿ ಕಪ್ಲರಿನ ಹೆಣ್ಣು ಪಿನ್ನಿಗೆ ತುರುಕಿದರೆ ಪಿನ್ ಅಗಲವಾಗುತ್ತದೆ. ಹೊಸ ತೊಂದರೆ ನೀವೇ ಹುಟ್ಟಿಸಿದ ಹಾಗೆ. ತೆಳು ಸೂಜಿಯಂಥ ಪ್ರೋಬ್ ತಗೊಂಡು ಕಪ್ಲರಿನ ಹಿಂಬದಿಯಿಂದ ಹಾಕಿ. ವೈರಿನ ಮೇಲ್ಪದರಕ್ಕೆ ಪಿನ್ ಚುಚ್ಚಿ ನೋಡುವ ಅಭ್ಯಾಸ ಬಿಡಿ. ಆ ತೂತಿನಿಂದ ಮಳೆನೀರು ಹೊಕ್ಕು ಒಳಗಿನ ತಾಮ್ರ ಹಸಿರುಗಟ್ಟುತ್ತದೆ. ಖಾನಾಪುರದ ಕಡೆ ಓಡಾಡುವ ಗಾಡಿಗಳಲ್ಲಿ ಒಂದು ಮಳೆಗಾಲ ಸಾಕು ಅದಕ್ಕೆ.

ಮೀಟರಾ, ಸ್ಕ್ಯಾನರಾ?

ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ. ಯಾವ ಗಾಲಿ ಎಂದು ಸ್ಕ್ಯಾನರ್ ಹೇಳುತ್ತದೆ. ಯಾಕೆ ಎಂದು ಮೀಟರ್ ಹೇಳುತ್ತದೆ. ಸಿ0035 ಎಂಬ ಕೋಡ್ ಬಂದರೆ ಸಾಮಾನ್ಯ ಪಟ್ಟಿಯ ಪ್ರಕಾರ ಎಡಗಡೆ ಮುಂದಿನ ಗಾಲಿಯ ಸೆನ್ಸರ್ ಸರ್ಕ್ಯೂಟ್. ಸರ್ಕ್ಯೂಟ್ ಎಂದರೆ ಸೆನ್ಸರ್, ಕಪ್ಲರ್, ವೈರ್ ಎಲ್ಲ ಸೇರಿತು. ಕೋಡ್ ನೋಡಿದ ಕೂಡಲೇ ಸೆನ್ಸರ್ ಆರ್ಡರ್ ಮಾಡುವುದು ಇದೇ ಕಾರಣಕ್ಕೆ ತಪ್ಪು. ಹಲವು ಕಂಪನಿಗಳು ತಮ್ಮದೇ ಕೋಡ್ ಕೊಡುತ್ತವೆ, ಅದನ್ನು ಆ ಗಾಡಿಯ ಪಟ್ಟಿಯಲ್ಲೇ ನೋಡಬೇಕು.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಇಎಲ್ಎಂ-327 ಕೊಂಡು ನಿರಾಶರಾದವರು ಬಹಳ. ಅದು ಹೆಚ್ಚಾಗಿ ಇಂಜಿನ್ ಕೋಡ್ ಓದುತ್ತದೆ, ಎಬಿಎಸ್ ಮಾಡ್ಯೂಲಿನ ಜೊತೆ ಎಲ್ಲ ಗಾಡಿಯಲ್ಲೂ ಮಾತಾಡುವುದಿಲ್ಲ. ಸ್ಕ್ಯಾನರ್ ಕೊಳ್ಳುವುದಾದರೆ ನಿಮ್ಮ ಗಾಡಿಯ ಎಬಿಎಸ್ ಓದುತ್ತದೆಯಾ, ಲೈವ್ ಡೇಟಾ (ಗಾಡಿ ಓಡುವಾಗಲೇ ಬರುವ ಅಂಕಿ) ತೋರಿಸುತ್ತದೆಯಾ ಎಂದು ಖಾತ್ರಿ ಮಾಡಿಕೊಂಡೇ ಕೊಳ್ಳಿ. ಲೈವ್ ಡೇಟಾ ಇದ್ದರೆ ಅದಕ್ಕೆ ಮೀಟರ್ ಸಾಟಿಯಲ್ಲ. ಖಾಲಿ ರಸ್ತೆಯಲ್ಲಿ 20 ಕಿಲೋಮೀಟರ್ ವೇಗದಲ್ಲಿ ಒಬ್ಬರು ಓಡಿಸಲಿ, ಪಕ್ಕದಲ್ಲಿ ಕೂತವರು ನಾಲ್ಕು ಗಾಲಿಯ ಅಂಕಿ ನೋಡಲಿ. ಗಾಡಿ ನಿಲ್ಲುತ್ತಾ ಬಂದಾಗ ಮೂರು ಗಾಲಿ 10, 9, 8 ಎಂದು ಇಳಿಯುತ್ತಿದ್ದರೆ ಒಂದು ಮಾತ್ರ ಫಕ್ಕನೆ ಸೊನ್ನೆಗೆ ಬೀಳುತ್ತದೆ. ಅದೇ ಕಳ್ಳ. ಒಣ ರಸ್ತೆಯಲ್ಲಿ ನಿಲ್ಲಿಸುವ ಹೊತ್ತಿಗೆ ಬ್ರೇಕ್ ಪೆಡಲ್ ಗರ್ರ್ ಎಂದು ನಡುಗುವುದೂ ಹೆಚ್ಚಾಗಿ ಇದರಿಂದಲೇ.

ಆಸಿಲೋಸ್ಕೋಪ್ ಇನ್ನೂ ಮೇಲಿನ ಹಂತ. ರಿಂಗಿನಲ್ಲಿ ಒಂದೇ ಒಂದು ಹಲ್ಲು ಮುರಿದಿದ್ದರೆ, ರಿಂಗ್ ಬಿರುಕು ಬಿಟ್ಟಿದ್ದರೆ ಮೀಟರ್ ಹಿಡಿಯುವುದಿಲ್ಲ, ಸ್ಕೋಪಿನಲ್ಲಿ ಅಲೆಯ ಸಾಲಿನ ಮಧ್ಯೆ ಕೊರೆ ಎದ್ದು ಕಾಣುತ್ತದೆ. ದಿನಾ ಇದೇ ಕೆಲಸ ಮಾಡುವ ಗ್ಯಾರೇಜಿಗೆ ಇದು ಬೇಕು, ಮನೆಗೆ ಬೇಡ.

ಎಡ-ಬಲ ಬದಲಿಸಿ ನೋಡುವುದು ಖರ್ಚಿಲ್ಲದ ಉಪಾಯ. ತೊಂದರೆ ಸೆನ್ಸರಿನ ಜೊತೆ ಆ ಕಡೆ ಹೋದರೆ ಸೆನ್ಸರಿನದೇ ತಪ್ಪು. ಆದರೆ ಅನೇಕ ಗಾಡಿಗಳಲ್ಲಿ ಎಡ-ಬಲದ ಸೆನ್ಸರಿಗೆ ವೈರಿನ ಉದ್ದ, ಬ್ರಾಕೆಟ್ ಬೇರೆ. ತುಕ್ಕು ಹಿಡಿದ ಸೆನ್ಸರ್ ಬಿಚ್ಚುವಾಗ ಅದರ ಪ್ಲಾಸ್ಟಿಕ್ ಮೂತಿ ಮುರಿದು ಒಳಗೇ ಉಳಿಯುವುದೂ ಉಂಟು. ಹಳೆಯ ಗಾಡಿಯಲ್ಲಿ ನಾನು ಈ ದಾರಿ ಹೇಳುವುದಿಲ್ಲ.

ಸೆನ್ಸರ್ ಸರಿ ಇದ್ದೂ ದೀಪ ಆರದಿದ್ದರೆ

ಜಮಖಂಡಿ ಕಡೆಯ ರೈತರೊಬ್ಬರ ಕಾರು ನೆನಪಿಗೆ ಬರುತ್ತದೆ. ಕಬ್ಬಿನ ಸೀಸನ್, ಹೊಲದ ದಾರಿಯಲ್ಲೇ ಓಡಾಟ. ಹಿಂದಿನ ಎರಡೂ ಸೆನ್ಸರಿನ ಓಮ್ ಹೆಚ್ಚುಕಡಿಮೆ ಒಂದೇ. ಗಾಲಿ ತಿರುಗಿಸಿದರೆ ಬಲಗಡೆ ಒಳ್ಳೆಯ ಮಿಲಿವೋಲ್ಟ್, ಎಡಗಡೆ ಅದರ ಕಾಲು ಭಾಗವೂ ಇಲ್ಲ. ಸೆನ್ಸರ್ ಬಿಚ್ಚಿ ನೋಡಿದಾಗ ಅಯಸ್ಕಾಂತದ ಮೂತಿಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿತ್ತು, ರಿಂಗಿನ ಹಲ್ಲುಗಳ ಸಂದಿಯಲ್ಲಿ ಎರೆಮಣ್ಣು ಒಣಗಿ ಕಲ್ಲಾಗಿತ್ತು. ಮಣ್ಣನ್ನು ನೀರಿನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಮೂತಿ ಬಟ್ಟೆಯಿಂದ ಒರೆಸಿ ಹಾಕಿದೆವು. ಎಡ-ಬಲ ಅಂಕಿ ಸಮ ಬಂದವು.

"ತಮ್ಮಾ, ಇಷ್ಟ ಮಣ್ಣಿಗೆ ದೀಪ ಹತ್ತಿತ್ತೇನು?"

"ಹೌದ್ರಿ ಕಾಕಾ. ಸೆನ್ಸರ್ ಛಲೋ ಐತ್ರಿ, ಬದಲ್ ಮಾಡೂದ್ ಬ್ಯಾಡ."

ಇನ್ನೊಂದು ತೊಂದರೆ ಬೇರಿಂಗ್ ಬದಲಿಸಿದ ಮೇಲೆ ಬರುವಂಥದ್ದು. ಈಚಿನ ಹಲವು ಕಾರುಗಳಲ್ಲಿ ಹಲ್ಲಿನ ರಿಂಗ್ ಇಲ್ಲ. ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ನೋಡಲು ಮಾಮೂಲಿ ಕಪ್ಪು ರಬ್ಬರ್ ಸೀಲ್. ಉತ್ತರ-ದಕ್ಷಿಣ ಧ್ರುವಗಳು ಕಣ್ಣಿಗೆ ಕಾಣುವುದಿಲ್ಲ. ಬೇರಿಂಗ್ ಉಲ್ಟಾ ಕೂರಿಸಿದರೆ ಆ ಪಟ್ಟಿ ಸೆನ್ಸರಿಗೆ ಬೆನ್ನು ತಿರುಗಿಸುತ್ತದೆ. ಗಾಲಿ ಚೆನ್ನಾಗಿ ತಿರುಗುತ್ತದೆ, ಸದ್ದಿಲ್ಲ, ಸಿಗ್ನಲ್ಲೂ ಇಲ್ಲ. ಎಷ್ಟು ಸೆನ್ಸರ್ ಬದಲಿಸಿದರೂ ದೀಪ ಆರುವುದಿಲ್ಲ. ಹೊಸ ಬೇರಿಂಗ್ ಕೂರಿಸುವ ಮುಂಚೆ ಎರಡೂ ಬದಿಗೆ ಒಂದು ಸಣ್ಣ ಪಿನ್ ಮುಟ್ಟಿಸಿ ನೋಡಿ. ಅಂಟಿದ ಬದಿ ಸೆನ್ಸರ್ ಕಡೆಗೆ ಬರಬೇಕು. ಆ ಬದಿಗೆ ಸುತ್ತಿಗೆ ತಾಗಿಸಬೇಡಿ, ದೊಡ್ಡ ಅಯಸ್ಕಾಂತ ಹತ್ತಿರ ತರಬೇಡಿ.

ವೈರ್ ನೋಡುವಾಗ ಎರಡೂ ತುದಿ ಬಿಚ್ಚಿಕೊಂಡು ಈ ತುದಿಯಿಂದ ಆ ತುದಿಗೆ ಓಮ್ ನೋಡಿ. ಒಂದು ಓಮಿಗಿಂತ ಕಡಿಮೆ ಬರಬೇಕು. ಮೀಟರ್ ಹಚ್ಚಿಟ್ಟುಕೊಂಡೇ ವೈರನ್ನು ಉದ್ದಕ್ಕೂ ಅಲುಗಾಡಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಅಂಕಿ ಕುಣಿದ ಜಾಗದಲ್ಲೇ ಒಳಗಿನ ಎಳೆ ಕಡಿದಿರುತ್ತದೆ. ಹೊರಗಿನ ಪದರ ಹೊಸದರ ಹಾಗೆಯೇ ಇರಬಹುದು. ಈ ಎರಡು ವೈರುಗಳನ್ನು ಒಂದಕ್ಕೊಂದು ಹೆಣೆದಿರುವುದಕ್ಕೆ ಕಾರಣ ಇದೆ, ಹೊರಗಿನ ಗದ್ದಲ ಸಿಗ್ನಲ್ಲಿಗೆ ಸೇರಬಾರದು ಎಂದು. ಜೋಡಿಸುವಾಗ ಹೆಣಿಗೆ ಉಳಿಸಿಕೊಂಡು ಬೆಸುಗೆ ಹಾಕಿ, ಮೇಲೆ ಕುಗ್ಗುವ ಸ್ಲೀವ್ ಹಾಕಿ. ಬರೀ ಟೇಪ್ ಸುತ್ತಿದ ಜೋಡಣೆ ಗಾಲಿಯ ಹತ್ತಿರ ಬಾಳುವುದಿಲ್ಲ.

ಉಳಿದ ಬ್ರೇಕ್ ಸೆನ್ಸರುಗಳು

ಇವಕ್ಕೆಲ್ಲ ಅಗ್ಗದ ಮೀಟರಿನ ಓಮ್ ಸ್ಥಾನವೇ ಸಾಕು. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಇರುವುದು ತೇಲುವ ಅಯಸ್ಕಾಂತ ಮತ್ತು ಅದಕ್ಕೆ ಸ್ಪಂದಿಸುವ ರೀಡ್ ಸ್ವಿಚ್. ಕಪ್ಲರ್ ಬಿಚ್ಚಿ ಓಮ್ ನೋಡುತ್ತಾ, ಶುದ್ಧವಾದ ಕಡ್ಡಿಯಿಂದ ತೇಲುಬುರುಡೆಯನ್ನು ಕೆಳಗೆ ಒತ್ತಿದರೆ ಸ್ವಿಚ್ ಸ್ಥಿತಿ ಬದಲಾಗಬೇಕು. ಆಯಿಲ್ ಪೇಂಟಿಗೆ ಬೀಳದಂತೆ ನೋಡಿಕೊಳ್ಳಿ, ಬಣ್ಣ ತಿಂದುಹಾಕುತ್ತದೆ. ಬ್ರೇಕ್ ಪ್ಯಾಡ್ ಸವೆದದ್ದನ್ನು ಹೇಳುವ ಸೆನ್ಸರ್ ದುಬಾರಿ ಕಾರುಗಳಲ್ಲಿ ಮಾತ್ರ ಜಾಸ್ತಿ. ಅದು ಹೆಚ್ಚಾಗಿ ಒಂದು ವೈರಿನ ಕುಣಿಕೆ. ಸವೆದರೆ ಕಡಿಯುತ್ತದೆ, ಕಡಿದದ್ದನ್ನು ಬದಲಿಸುವುದೊಂದೇ ದಾರಿ. ನಮ್ಮ ಮಾಮೂಲಿ ಕಾರುಗಳಲ್ಲಿ ಆ ಕೆಲಸವನ್ನು ಕಿರ್ರ್ ಎನ್ನುವ ಸಣ್ಣ ತಗಡೇ ಮಾಡುತ್ತದೆ, ಅದಕ್ಕೆ ಮೀಟರ್ ಬೇಕಿಲ್ಲ.

ಪೆಡಲ್ ಹತ್ತಿರದ ಬ್ರೇಕ್ ಲೈಟ್ ಸ್ವಿಚ್ಚನ್ನು ಬಿಡಬೇಡಿ. ನಾಲ್ಕು ಪಿನ್ನಿನದಾದರೆ ಒಳಗೆ ಎರಡು ಸ್ವಿಚ್ ಇರುತ್ತವೆ. ಪೆಡಲ್ ಒತ್ತಿದಾಗ ಹೆಚ್ಚಾಗಿ ಒಂದು ಸೇರುತ್ತದೆ, ಇನ್ನೊಂದು ಬಿಡುತ್ತದೆ. ಒಂದು ಕೆಟ್ಟರೂ ಮಾಡ್ಯೂಲಿಗೆ ಗೊಂದಲವಾಗಿ ದೀಪ ಬರಬಹುದು. ಗುಂಡಿ ಒತ್ತಿ ಚಾಲೂ ಮಾಡುವ ಗಾಡಿ ಚಾಲೂ ಆಗದಿರುವುದಕ್ಕೂ ಇದೇ ಕಾರಣವಾಗಿರಬಹುದು. ಬೆಲೆ ಕಡಿಮೆ, ಬದಲಿಸುವುದು ಸುಲಭ, ಆದರೂ ಎಲ್ಲರೂ ಇದನ್ನು ನೋಡುವುದು ಕೊನೆಗೆ.

ಯಾರಿಗೆ ಯಾವುದು?

ಒಂದೇ ಕಾರು, ಸ್ವಂತ ಓಡಾಟ, ಹತ್ತಿರದಲ್ಲಿ ಬೆಳಗಾವಿಯಂಥ ಊರು ಇದ್ದರೆ ಆಟೋ ರೇಂಜ್ ಮೀಟರ್ ಒಂದು ಸಾಕು. ಕೋಡ್ ಓದಿಸಲು ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ, ಕೋಡನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ, ಆಮೇಲೆ ಆ ಗಾಲಿಯನ್ನು ನಿಧಾನವಾಗಿ ನೋಡಿ. ಮನೆಯಲ್ಲಿ ಹಳದಿ ಮೀಟರ್ ಈಗಾಗಲೇ ಇದ್ದು ಗಾಡಿ ಈಚಿನದಾಗಿದ್ದರೆ ಬೇರೆ ಏನೂ ಕೊಳ್ಳಬೇಡಿ, 100 ಓಮ್ ರೆಸಿಸ್ಟರ್ ಒಂದು ತನ್ನಿ. ಟ್ಯಾಕ್ಸಿ ಓಡಿಸುವವರು, ವಿಜಯಪುರದಿಂದ ಸೊಲ್ಲಾಪುರ, ಹುಬ್ಬಳ್ಳಿ ಎಂದು ದಿನಾ ಹೆದ್ದಾರಿಯಲ್ಲಿ ಇರುವವರು ನಾಲ್ಕಾರು ಜನ ಸೇರಿ ಎಬಿಎಸ್ ಓದುವ ಸ್ಕ್ಯಾನರ್ ಒಂದನ್ನು ಹಂಚಿಕೊಂಡು ಇಟ್ಟುಕೊಳ್ಳುವುದು ಲಾಭ. ಹಳ್ಳಿಯ ಗ್ಯಾರೇಜಿನ ಮಿಸ್ತ್ರಿಗಳಿಗೆ ಮೀಟರ್ ಮೊದಲು, ಸ್ಕ್ಯಾನರ್ ಆಮೇಲೆ. ಸ್ಕ್ಯಾನರ್ ಮಾತ್ರ ಇದ್ದು ಮೀಟರ್ ಹಿಡಿಯಲು ಬರದಿದ್ದರೆ ಗಿರಾಕಿಯ ದುಡ್ಡು ಬಿಡಿಭಾಗಕ್ಕೆ ಹೋಗುತ್ತದೆ.

ಎಲ್ಲ ನೋಡಿ ಸೆನ್ಸರೇ ಹೋಗಿದೆ ಎಂದು ಖಾತ್ರಿಯಾದರೆ ಹಳೆಯದನ್ನು ಅಂಗಡಿಗೆ ತಗೊಂಡು ಹೋಗಿ. ಕಪ್ಲರಿನ ಆಕಾರ, ವೈರಿನ ಉದ್ದ, ಎಡ-ಬಲ ಹೋಲಿಸಿ. ಕೂರಿಸುವ ತೂತಿನ ತುಕ್ಕನ್ನು ಪಾಲಿಶ್ ಪೇಪರಿನಿಂದ ತೆಗೆಯಿರಿ, ಹೊಡೆದು ಕೂರಿಸಬೇಡಿ. ಬೋಲ್ಟ್ ಸಣ್ಣದು, ಹದವಾಗಿ ಬಿಗಿಯಿರಿ. ವೈರನ್ನು ಎಲ್ಲ ಕ್ಲಿಪ್ಪಿಗೂ ಸೇರಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಾಯರಿಗೆ ತಾಗುವುದಿಲ್ಲ ಎಂದು ನೋಡಿ. ಚಾವಿ ಹಾಕಿದ ಕೂಡಲೇ ದೀಪ ಆರದಿದ್ದರೆ ಗಾಬರಿ ಬೇಡ. ಗಾಲಿಯ ಸಿಗ್ನಲ್ ನೋಡಿದ ಮೇಲೇ ಆರಿಸುವ ಗಾಡಿಗಳು ಬಹಳ ಇವೆ. ಖಾಲಿ ಜಾಗದಲ್ಲಿ 20 ಕಿಲೋಮೀಟರ್ ವೇಗದಲ್ಲಿ ಓಡಿಸಿ, ಮೆತ್ತಗೆ ಬ್ರೇಕ್ ಒತ್ತಿ ನೋಡಿ. ಆಗಲೂ ಉರಿಯುತ್ತಿದ್ದರೆ ಹಳೆಯ ಕೋಡ್ ಅಳಿಸಿ, ಅದೇ ಕೋಡ್ ಮತ್ತೆ ಬರುತ್ತದೆಯೋ ಬೇರೆ ಬರುತ್ತದೆಯೋ ಓದಿಸಿ.